ಒಂದು ಪುಟ ಮೀರದಂತೆ

ಮಸಿಯ ವಾಸನೆ, ಸ್ಟೆನ್ಸಿಲ್ ಮಸಿಯದು, ಈಗೆಲ್ಲಿಂದ ಬಂತು, ಈ ಕಚೇರಿಯಿಂದ ಸ್ಟೆನ್ಸಿಲ್ ಹೋಗಿ ಎಷ್ಟು ಕಾಲವಾಯಿತು, ಪ್ರಿಂಟರಿನ ಬಿಸಿ ಹಾಳೆಯದಿರಬೇಕು ಅಂದುಕೊಂಡಳು ಮೇಜರ್, ಆದರೂ ಅದು ಅಪ್ಪನ ಬೆರಳ ವಾಸನೆಯೇ, ಸೇನೆಯ ಗುಮಾಸ್ತನಾಗಿದ್ದ ಅಪ್ಪ ಎಷ್ಟು ಉಜ್ಜಿ ತೊಳೆದರೂ ಅವನು ಅವಳ ಬಾಯಿಗಿಟ್ಟ ತುತ್ತಿನಲ್ಲಿ ಸಣ್ಣಗೆ ಮಸಿ ಮೂಗಿಗೆ ಬಡಿಯುತ್ತಿತ್ತು, ತಿನ್ನು ಮಗಳೇ, ಹೊಟ್ಟೆಗೆ ಹೋದ್ರೆ ಅಕ್ಷರ ದುಂಡಗಾಗುತ್ತೆ — ದುಂಡಗಾಯಿತಪ್ಪಾ, ಎಷ್ಟೆಂದರೆ ಕರ್ನಲ್ ಸಾಹೇಬರಿಗೆ ಸುಳ್ಳು ಬರೆಸುವುದಕ್ಕೂ ನಿನ್ನ ಮಗಳೇ ಬೇಕಾದಳು. ಪರದೆಯ ಮೇಲೆ ಅಪಘಾತದ ವರದಿ, ಕಾರಣ ಎಂಬಲ್ಲಿ ಇನ್ನೂ ಖಾಲಿ, ಚಾಲಕನ ಅಜಾಗರೂಕತೆ ಅಂತ ಬರೆದು ಊಟದ ಹೊತ್ತು ಮುಗಿಯೋದ್ರೊಳಗೆ ತನ್ನಿ, ಎರಡು ಪದಕ್ಕೆ ಇಷ್ಟೊತ್ತಾ ಮೇಜರ್, ನಿಮ್ಮ ಬಡ್ತಿಯ ಫೈಲೂ ಇಲ್ಲೇ ಇದೆ, ಎಂದು ಸಾಹೇಬರು ಅದರ ಮೇಲೆ ಬೆರಳಾಡಿಸಿದ್ದರು, ಕೆಟ್ಟವರೇನಲ್ಲ, ಅಮ್ಮ ಹೋದಾಗ ತಮ್ಮ ಕಾರನ್ನೇ ಕೊಟ್ಟು ಕಳಿಸಿದ್ದರು, ಅದಕ್ಕೇ ಸಿಟ್ಟು ಇನ್ನೂ ಹೆಚ್ಚು, ಪೂರಾ ಕೆಟ್ಟವರಾಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ಆ ಎರಡು ಪದಕ್ಕೆ ಚಾಲಕನ ಪಿಂಚಣಿ ಹೋಗುತ್ತದೆ, ಕಾಲು ಆಗಲೇ ಹೋಗಿದೆ, ಆಸ್ಪತ್ರೆಯ ಮಂಚದಲ್ಲಿ ಮೊಣಕಾಲಿನಿಂದಾಚೆ ಹೊದಿಕೆ ಚಪ್ಪಟೆಯಾಗಿ ಬಿದ್ದಿತ್ತು, ಅಕ್ಕಾ, ಇವರು ನಿದ್ದೆಗೆಟ್ಟಿದ್ರು ಅಂತ ಒಂದು ಮಾತು ಬರೀರಿ ಸಾಕು ಅಂದಳು ಅವನ ಹೆಂಡತಿ, ಮೇಡಂ ಅನ್ನೇ ಎಂದು ಆ ನೋವಿನಲ್ಲೂ ಅವನು ಗದರಿದ. ಬೆಳಿಗ್ಗೆ ಅಡುಗೆಮನೆಯ ಮುಂದೆ ಹಾದಾಗ ಕಂಡಿತ್ತಲ್ಲ ತಟ್ಟೆ, ತಟ್ಟೆಯ ಮೇಲೊಂದು ತಟ್ಟೆ, ಅದರ ಮೇಲೆ ಕಾವಲಿಗೆ ಒಂದು ಸೌಟು, ಯಾವಾಗಲೂ ಕೊನೆಗೆ ಬರುತ್ತಿದ್ದ ಆ ಚಾಲಕನಿಗೆಂದು ಅಡುಗೆಯವನು ಊಟ ಎತ್ತಿಡುತ್ತಿದ್ದದ್ದು, ಮುಟ್ಟಿದವರು ಪಾತ್ರೆ ತಿಕ್ಕಬೇಕು, ಜನರಲ್ ಆದ್ರೂ ಸರಿ ಅನ್ನುತ್ತಿದ್ದ, ಚಾಲಕ ಆಸ್ಪತ್ರೆಗೆ ಸೇರಿದ ಮೇಲೂ ಹೊತ್ತುಹೊತ್ತಿಗೆ ಎತ್ತಿಡುತ್ತಿದ್ದಾನೆ, ಕೈ ಕೇಳಲ್ಲ ಮೇಡಂ ಅಂದ. ನಿದ್ದೆಗೆಟ್ಟಿದ್ದರು ಎಂದು ತಾನು ಮೊದಲೇ ಬರೆದಿರಲಿಲ್ಲವೇ, ಚಾಲಕರು ದಣಿದಿದ್ದಾರೆ, ಬದಲಿ ಜನ ಕೊಡಿ, ಟಿಪ್ಪಣಿ ಕಳಿಸಿದಷ್ಟು ಸಲವೂ ಸಾಹೇಬರಿಂದ ವಾಪಸ್ಸು, ಒಂದು ಪುಟ ಮೀರಿದೆಯಂತೆ, ಕುಗ್ಗಿಸಿದರೆ ಅಂಚಿನ ಅಗಲ ಸಾಲದಂತೆ, ಕೊನೆಗೆ ದಣಿದಿದ್ದಾರೆ ಎನ್ನುವ ಪದಕ್ಕೇ ಹಸಿರು ಶಾಯಿಯ ಸುತ್ತು, ಸೈನಿಕರು ದಣಿಯುವುದಿಲ್ಲ, ಪದ ಬದಲಿಸಿ — ಅವಳು ಪದ ಹುಡುಕುತ್ತ ಕೂತಿದ್ದಾಗಲೇ ಲಾರಿ ಕಣಿವೆಗೆ ಉರುಳಿತು, ಎಂಥ ಚಂದದ ಅಂಚು, ಎಂಥ ದುಂಡನೆಯ ಅಕ್ಷರ, ಥೂ. ಟೈಪು ಮಾಡಿದಳು, ಕೀಲಿಗಳನ್ನು ಕುಟ್ಟುವಂತೆ, ಕಾರಣ: ಚಾಲಕ ದಣಿದಿದ್ದ, ವಾಪಸ್ಸು ಬಂದ ಟಿಪ್ಪಣಿಗಳನ್ನು ಹಸಿರು ಸುತ್ತಿನ ಸಮೇತ ಹಿಂದೆ ಲಗತ್ತಿಸಿದಳು, ಸಹಿ ಹಾಕಿದಳು, ಮೇಲಿನ ಕಚೇರಿಗೆ ನೇರ ಒಂದು ಪ್ರತಿ ಕಳಿಸಿಯೇ ಸಾಹೇಬರ ಮುಂದೆ ಇನ್ನೊಂದನ್ನು ಇಟ್ಟಳು. ಒಂದು ಪುಟ ಮೀರಿದೆಯಲ್ಲ, ಅಂದರು ಓದುವ ಮೊದಲೇ. ಮೀರಿದೆ ಸರ್. ಓದಿದರು, ಅವಳ ಬಡ್ತಿಯ ಫೈಲನ್ನು ಎತ್ತಿ ಮೇಜಿನ ಕೆಳಗಿನ ಖಾನೆಗೆ ಹಾಕಿ ಕಾಲಿನಿಂದ ತಳ್ಳಿ ಮುಚ್ಚಿದರು, ಆ ಸದ್ದು ಮೆಟ್ಟಿಲಿಳಿದರೂ ಕಿವಿಯಲ್ಲಿ, ಅಂಗಳ ದಾಟಿದರೂ ಕಿವಿಯಲ್ಲಿ, ಊಟದ ಹೊತ್ತು ಮುಗಿದಿದೆ, ಊಟದ ಮನೆಯಲ್ಲಿ ಬೆಂಚುಗಳನ್ನು ಮಗುಚಿ ನೆಲ ತೊಳೆಯುತ್ತಿದ್ದಾರೆ, ಅಡುಗೆಯವನು ಅವಳ ಮುಖ ನೋಡಿದ, ಸೌಟು ಎತ್ತಿ ಬದಿಗಿಟ್ಟ, ಎರಡೂ ಕೈಯಲ್ಲಿ ತಂದು ಅವಳ ಕೈಗಿಟ್ಟ — ತಟ್ಟೆಯ ಮೇಲೊಂದು ತಟ್ಟೆ, ಇನ್ನೂ ಬೆಚ್ಚಗೆ.