ದೀಪ ಹಚ್ಚಿದ ಮೇಲೆ ಕೇಳಿದ ಹೆಪ್ಪು

ಮರುಭೂಮಿಯ ಕಡೆಯಿಂದ ಸಾಂಟಾ ಆನಾ ಗಾಳಿ ಎದ್ದ ದಿನ ನಮ್ಮ ಬೀದಿಯವರೆಲ್ಲ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿಕೊಂಡು, ಟೋಪಿಯನ್ನೋ ದುಪಟ್ಟಾವನ್ನೋ ಕೈಯಲ್ಲಿ ಅದುಮಿ ಹಿಡಿದು ನಡೆಯುತ್ತೇವೆ. ಅಖ್ತರಿ ಬೇಗಮ್ ಒಬ್ಬರು ಮಾತ್ರ ಹಿಂದಕ್ಕೆ ವಾಲಿ, ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಬಿಟ್ಟು, ಗಾಳಿಗೇ ನಾಲ್ಕು ಬುದ್ಧಿಮಾತು ಹೇಳಲು ಹೊರಟವರ ಹಾಗೆ ನಿಧಾನವಾಗಿ ಬರುತ್ತಾರೆ. ಎಪ್ಪತ್ತು ದಾಟಿದ, ಐದಡಿಯೂ ಇಲ್ಲದ ಹೆಂಗಸು. ಕ್ಯಾಲಿಫೋರ್ನಿಯಾದ ರಾಂಚೊ ಬರ್ನಾರ್ಡೊದ ಗುಡ್ಡದ ಅಂಚಿನಲ್ಲಿರುವ ಈ ಬೀದಿಯಲ್ಲಿ ತುಂಬಿದ ಕಸದ ಡಬ್ಬಗಳೇ ಉರುಳಿಹೋಗುವಂಥ ಗಾಳಿಗೆ ಅವರು ಒಮ್ಮೆಯಾದರೂ ತತ್ತರಿಸಿದ್ದನ್ನು ನಾನು ಕಂಡಿಲ್ಲ. ಕಾಣಬೇಕೆಂದು ಕಿಟಕಿಯ ಬಳಿ ಕಾದು ನಿಂತದ್ದುಂಟು.

ಆ ಕೋಟು ಅವರ ತೀರಿಹೋದ ಯಜಮಾನರದು. ಬೂದು ಬಣ್ಣದ ಉಣ್ಣೆಯ ಕೋಟು. ಮೈಸೂರಿನಲ್ಲಿ ಯಾವುದೋ ಮದುವೆಗೆಂದು ಹೊಲಿಸಿದ್ದಂತೆ. ತೋಳು ಬೆರಳ ತುದಿಯನ್ನು ಮುಚ್ಚುತ್ತದೆ, ಅಂಚು ಮೊಣಕಾಲಿಗೆ ಬಡಿಯುತ್ತದೆ. ನಾನೋ ನೀವೋ ತೊಟ್ಟಿದ್ದರೆ ನಗೆಪಾಟಲಾಗುತ್ತಿದ್ದ ಆ ಉಡುಪು ಅವರ ಮೈಮೇಲೆ ಯಾವ ಕಾರಣಕ್ಕೋ ಗಾಂಭೀರ್ಯವನ್ನು ಪಡೆದುಕೊಂಡುಬಿಡುತ್ತದೆ. ಜೇಬಿನಲ್ಲಿ ಬೆಂಕಿಪೊಟ್ಟಣ, ಏಲಕ್ಕಿ, ದಾರದ ಉಂಡೆ, ಮತ್ತೆ ಯಾರ್ಯಾರ ಮನೆಯದೋ ಡಬ್ಬಿಯ ಮುಚ್ಚಳಗಳು. ಹೌದು, ಅವರಿಗೂ ದೋಷಗಳಿವೆ, ಅವನ್ನು ಹೇಳಲು ನನಗೆ ಸಂತೋಷವೇ: ಕೊಂಡೊಯ್ದ ಡಬ್ಬಿಯನ್ನು ಮುಚ್ಚಳದ ಸಮೇತ ಹಿಂದಿರುಗಿಸಿದ ಇತಿಹಾಸವಿಲ್ಲ, ಯಾರ ಮನೆಗೆ ಹೋದರೂ ಕೇಳದೆಯೇ ಫ್ರಿಜ್ಜಿನ ಬಾಗಿಲು ತೆಗೆದು ನೋಡುತ್ತಾರೆ, ನೋಡಿದ್ದರ ಬಗ್ಗೆ ಅಭಿಪ್ರಾಯವನ್ನೂ ಕೊಡುತ್ತಾರೆ. ಚಳಿಗಾಲದಲ್ಲಿ ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆಗೆ ಅದೇ ಕೋಟನ್ನು ಸುತ್ತಿ ಅಡುಗೆಮನೆಯ ಮೂಲೆಯಲ್ಲಿಡುತ್ತಾರೆ. ಯಜಮಾನರ ಕೋಟಿಗೆ ಇದೇನು ಗತಿ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ಅದಕ್ಕೇನಂತೆ? ಅವ್ರಿಗೂ ಮೊಸ್ರು ಅಂದ್ರೆ ಪ್ರಾಣ" ಎಂದಿದ್ದರು.

'ಅದಕ್ಕೇನಂತೆ' ಎನ್ನುವುದು ಅವರ ಮಾತಿನ ಊರುಗೋಲು. ವಿಮಾನ ತಪ್ಪಿದರೂ ಅದಕ್ಕೇನಂತೆ, ಸೊಸೆ ಮುನಿದು ತವರಿಗೆ ಹೋದರೂ ಅದಕ್ಕೇನಂತೆ. ಹೊಟ್ಟೆಕಿಚ್ಚು ನನ್ನ ಸ್ವಭಾವದಲ್ಲಿಲ್ಲ ಎಂದು ನಾನು ನಂಬಿಕೊಂಡಿದ್ದುದು, ಇವರ ಮಗ ಜುಲ್ಫಿಕರ್ ನಮ್ಮ ಎದುರುಮನೆಯನ್ನು ಕೊಂಡು, ೨೦೨೦ರ ಮೊದಲಲ್ಲಿ ತಾಯಿಯನ್ನು ಮೈಸೂರಿನಿಂದ ಕರೆತರುವವರೆಗೆ.

ಅದೇ ಕಾಲಕ್ಕೆ ನನ್ನ ಅತ್ತೆ ಚೆನ್ನಮ್ಮನವರೂ ಮೂರು ತಿಂಗಳಿಗೆಂದು ಬಂದು, ಕೊರೋನಾದಿಂದ ವಿಮಾನಗಳು ನಿಂತು, ನಮ್ಮಲ್ಲೇ ಉಳಿದಿದ್ದರು. ಬರುವಾಗ ಹಳೆಯ ಪಂಚೆಯ ತುಂಡೊಂದನ್ನು ಮೊಸರಿನಲ್ಲಿ ಅದ್ದಿ ಒಣಗಿಸಿ ತಂದಿದ್ದರು. ಅದನ್ನು ಬೆಚ್ಚನೆಯ ಹಾಲಿನಲ್ಲಿ ನೆನೆಸಿ, ಅವರ ಅತ್ತೆಯ ಕಾಲದಿಂದ ಮೈಸೂರಿನ ಲಷ್ಕರ್ ಮೊಹಲ್ಲಾದ ಮನೆಯಲ್ಲಿ ಒಂದು ದಿನವೂ ತಪ್ಪದೆ ನಡೆದುಬಂದ ಹೆಪ್ಪನ್ನು ಕ್ಯಾಲಿಫೋರ್ನಿಯಾದಲ್ಲಿ ಎಬ್ಬಿಸಿದರು. ಅಂಗಡಿಗಳ ಹಾಲು ಮೊಸರಿನ ಕಪಾಟುಗಳು ಬರಿದಾಗಿದ್ದ ಆ ದಿನಗಳ ಒಂದು ಸಂಜೆ ಅಖ್ತರಿ ಬೇಗಮ್ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನಮ್ಮ ಅಂಗಳದ ತುದಿಯಲ್ಲಿ ಬಟ್ಟಲು ಹಿಡಿದು ನಿಂತರು. ಒಂಚೂರು ಹೆಪ್ಪು ಬೇಕಿತ್ತಂತೆ.

ಅತ್ತೆ ಬಾಗಿಲಲ್ಲೇ ನಿಂತು, "ದೀಪ ಹಚ್ಚಾಯ್ತು ಕಣವ್ವ. ದೀಪ ಹಚ್ಚಿದ ಮೇಲೆ ಹೆಪ್ಪು ಹೊಸ್ಲು ದಾಟ್ಬಾರ್ದು. ಬೆಳಿಗ್ಗೆ ಬಾ" ಅಂದರು.

ನನಗೆ ನಾಚಿಕೆಯಾಯಿತು. ಅವರಿಗೆ ಏನೂ ಆಗಲಿಲ್ಲ. "ಅದಕ್ಕೇನಂತೆ, ನಮ್ಮಮ್ಮ ಸಂಜೆ ಹೊತ್ತು ಉಪ್ಪು ಕೊಡ್ತಿರ್ಲಿಲ್ಲ" ಎಂದು ನಕ್ಕು ಹೋದವರು ಬೆಳಿಗ್ಗೆ ಬಂದು ತೆಗೆದುಕೊಂಡು ಹೋದರು. ಮರುದಿನದಿಂದ ಇಬ್ಬರು ಮುದುಕಿಯರು ಹುಲ್ಲುಹಾಸಿನ ಆಚೆ ತುದಿ ಈಚೆ ತುದಿಯಲ್ಲಿ ಕುರ್ಚಿ ಹಾಕಿಕೊಂಡು, ಮೈಸೂರಿನ ಅಂಗಡಿಬೀದಿಗಳನ್ನು ಒಂದೊಂದಾಗಿ ನಡೆದು ಮುಗಿಸತೊಡಗಿದರು. ವಾರ ಕಳೆಯುವುದರೊಳಗೆ ಅಖ್ತರಿ ಬೇಗಮ್ ಹೆಪ್ಪು ಹಾಕಿದ ಮೊಸರು ನಮ್ಮ ಮನೆಗೆ ಬಂತು, ಅತ್ತೆ ಬೆರಳಲ್ಲಿ ತೆಗೆದು ಬಾಯಿಗಿಟ್ಟು, "ಮೊಸ್ರು ಅಂದ್ರೆ ಇದು ಕಣೆ ಕಲಾವತಿ. ಚಾಕು ಹಾಕಿ ಕುಯ್ಬೋದು" ಎಂದರು. ಅದೇ ಹೆಪ್ಪು, ಅದೇ ಅಂಗಡಿಯ ಹಾಲು, ನನ್ನ ಬಳಿ ಮೊಸರಿಗೆಂದೇ ಪ್ರತ್ಯೇಕ ಗುಂಡಿಯಿರುವ ವಿದ್ಯುತ್ ಕುಕ್ಕರು. ನಾನು ಮಾಡಿದ ಮೊಸರಿನ ಬಗ್ಗೆ ಇಪ್ಪತ್ತು ವರ್ಷದಲ್ಲಿ ಅತ್ತೆ ಆಡಿದ್ದು 'ಪರವಾಗಿಲ್ಲ' ಎಂಬ ಒಂದೇ ಮಾತು. ಅಂದು ನನಗೆ ಆದದ್ದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ, ಹೊಟ್ಟೆ ಉರಿಯಿತು.

ಅದು ಉರಿಯುತ್ತಲೇ ಹೋಯಿತು. ನನ್ನ ಮಗಳು ಹರಿಣಿ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವವಳು, ಎದುರುಮನೆಯ ಮೆಟ್ಟಿಲ ಮೇಲೆ ಕುಳಿತು ಮುರುಕು ಮುರುಕು ಕನ್ನಡದಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದಳು. ಗಾಳಿ ಹೆಚ್ಚಿದಾಗ, ತಂತಿ ಕಿಡಿ ಹಾರಿ ಗುಡ್ಡ ಹೊತ್ತಿಕೊಳ್ಳದಿರಲೆಂದು ವಿದ್ಯುತ್ ಕಂಪನಿಯವರು ನಮ್ಮ ಬೀದಿಯ ಕರೆಂಟು ತೆಗೆಯುತ್ತಾರೆ. ಆಗ ಬೀದಿಗೆ ಬೀದಿಯೇ ಅಖ್ತರಿ ಬೇಗಮ್ಮರ ಮನೆಗೆ ನಡೆಯುತ್ತದೆ. ಅವರಲ್ಲಿ ಕಡ್ಡಿ ಗೀರಿದರೆ ಹತ್ತುವ ಹಳೆಯ ಗ್ಯಾಸ್ ಒಲೆಯಿದೆ. ನಮ್ಮಲ್ಲಿ ನನ್ನ ಗಂಡ ಗಿರಿಧರ್ ಬಹಳ ಅಧ್ಯಯನ ಮಾಡಿ ಹಾಕಿಸಿದ ಇಂಡಕ್ಷನ್ ಒಲೆಯಿದೆ, ಚಾವಣಿಯ ತುಂಬ ಸೋಲಾರ್ ಫಲಕಗಳಿವೆ. ಇನ್ನು ಮುಂದೆ ಕರೆಂಟು ಹೋದರೆ ಎಲ್ಲರೂ ನಮ್ಮ ಮನೆಗೆ ಬನ್ನಿ ಎಂದು ಕನ್ನಡ ಕೂಟದ ಊಟದಲ್ಲಿ ಆಹ್ವಾನವನ್ನೂ ಕೊಟ್ಟಿದ್ದ. ಬ್ಯಾಟರಿಯಿಲ್ಲದ ಸೋಲಾರು ಬೀದಿಯ ತಂತಿ ಸತ್ತೊಡನೆ ತಾನೂ ಕಣ್ಣು ಮುಚ್ಚುತ್ತದೆಂಬ ಸಂಗತಿ ಆ ಟೆಲಿಕಾಂ ಇಂಜಿನಿಯರಿಗೆ ತಿಳಿದದ್ದು ಮೊದಲ ಕತ್ತಲೆಯ ದಿನ. ನೆತ್ತಿಯ ಮೇಲೆ ರಣಬಿಸಿಲು, ಮನೆಯೊಳಗೆ ಒಂದು ಲೋಟ ಕಾಫಿಗೂ ಗತಿಯಿಲ್ಲ. ಎದುರುಮನೆಯಲ್ಲಿ ನಗು, ಒಗ್ಗರಣೆಯ ಸದ್ದು.

ಆದರೆ ಒಂದೇ ಒಂದು ವಿಷಯದಲ್ಲಿ ನಾನು ಅವರಿಗಿಂತ ಮೇಲಿದ್ದೆ. ಆ ಮೊಸರಿನ ಮೂಲ ನಮ್ಮದು. ಹೊಗಳಿದವರಿಗೆಲ್ಲ ಅವರೇ, "ಇದು ಕಲಾವತಿಯವ್ರ ಮನೆ ಹೆಪ್ಪು. ನಾನು ಈಸ್ಕೊಂಡಿದ್ದು" ಎನ್ನುತ್ತಿದ್ದರು, ನಾನು ತಲೆ ತಗ್ಗಿಸಿ, ಒಳಗೊಳಗೇ ಉಬ್ಬುತ್ತಿದ್ದೆ. ಅತ್ತೆ ಊರಿಗೆ ಮರಳಿ ಎರಡು ವರ್ಷಕ್ಕೆ ತೀರಿಕೊಂಡರು. ಕೊನೆಯವರೆಗೂ ಫೋನಿನಲ್ಲಿ ಮಗನ ಆರೋಗ್ಯಕ್ಕಿಂತ ಮೊದಲು ಕೇಳುತ್ತಿದ್ದುದು, "ಹೆಪ್ಪು ಉಳಿಸ್ಕೊಂಡಿದೀಯ ತಾನೆ?" ಎಂದು. ಉಳಿಸಿಕೊಂಡಿದ್ದೆ. ಲಾಸ್ ಏಂಜಲೀಸಿಗೆ ಎರಡು ದಿನದ ಮದುವೆಗೆ ಹೋದಾಗಲೂ ಐಸ್ ಪೆಟ್ಟಿಗೆಯಲ್ಲಿಟ್ಟು ಜೊತೆಗೇ ಒಯ್ದಿದ್ದೆ. ಮೈಸೂರಿನ ಮನೆ ಮಾರಿಹೋದ ಮೇಲೆ ಆ ಹೆಪ್ಪು ಭೂಮಿಯ ಮೇಲೆ ಎರಡೇ ಕಡೆ ಉಳಿದಿತ್ತು, ನನ್ನ ಮನೆಯಲ್ಲಿ, ಅವರ ಮನೆಯಲ್ಲಿ.

೨೦೨೫ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಬೆಟ್ಟಗಳು ಹೊತ್ತಿ ಉರಿದ ತಿಂಗಳು ನಮ್ಮ ಕಡೆಯೂ ಗಾಳಿ ಹುಚ್ಚೆದ್ದಿತು, ಕರೆಂಟು ಹೋಯಿತು. ಮರುದಿನ ನಾನೂ ಗಿರಿಧರನೂ ಫೋನುಗಳನ್ನು ಚಾರ್ಜ್ ಮಾಡಿಕೊಂಡು ಐಸ್ ತರೋಣವೆಂದು ಕಾರ್ಲ್ಸ್‌ಬಾಡಿನ ನನ್ನ ಆಫೀಸಿಗೆ ಹೋದೆವು. ಲಾ ಹೋಯಾದ ಕಾಲೇಜಿನಲ್ಲಿ ಓದುತ್ತಿದ್ದ ಹರಿಣಿ ವಾರಾಂತ್ಯಕ್ಕೆ ಬಂದವಳು ಮನೆಯಲ್ಲಿದ್ದಳು. ಮಗು ಸುಮ್ಮನೆ ಕೂರಲಿಲ್ಲ, ಅಮ್ಮನಿಗೆ ಸಹಾಯ ಮಾಡಿತು. ಫ್ರಿಜ್ಜು ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ನಿಂತಿದ್ದರೆ ಒಳಗಿನ ಹಾಲು ಮೊಸರನ್ನೆಲ್ಲ ಎಸೆಯತಕ್ಕದ್ದು ಎಂದು ಫೋನಿಗೆ ಬಂದಿದ್ದ ಸೂಚನೆಯನ್ನು ಅಕ್ಷರಶಃ ಪಾಲಿಸಿತು. ನಾವು ಸಂಜೆಯ ಹೊತ್ತಿಗೆ ಹಿಂದಿರುಗಿದಾಗ ಫ್ರಿಜ್ಜು ನಿಂಬೆಯ ವಾಸನೆ ಬೀರುತ್ತಿತ್ತು. ಹೆಪ್ಪಿನ ಬಟ್ಟಲು ಸೋಪಿನಲ್ಲಿ ತಿಕ್ಕಿಸಿಕೊಂಡು ಸಿಂಕಿನ ಪಕ್ಕ ಬೋರಲು ಬಿದ್ದಿತ್ತು.

"ಅಮ್ಮಾ, ಇಟ್ ವಾಸ್ ಲಿಟರಲಿ ಸ್ಪಾಯಿಲ್ಡ್ ಮಿಲ್ಕ್" ಎಂದಳು ಹರಿಣಿ.

ನಾನು ಬಟ್ಟಲನ್ನು ಎತ್ತಿ ಮೂಸಿದೆ, ಬರೀ ಸೋಪು. ಅಷ್ಟರಲ್ಲಿ ಮೂವರ ಫೋನುಗಳೂ ಒಟ್ಟಿಗೆ ಕಿರುಚಿದವು: ಮನೆ ಬಿಡಲು ಸಿದ್ಧರಾಗಿರಿ. ಕಿಟಕಿಯಿಂದ ನೋಡಿದರೆ ಜುಲ್ಫಿಕರ್ ಆಗಲೇ ಕಾರಿಗೆ ಪೆಟ್ಟಿಗೆ ತುಂಬುತ್ತಿದ್ದ, ತಾಯಿಯನ್ನು ಆ ಸಂಜೆಯೇ ಕಡಲ ಕಡೆಯ ಗೆಳೆಯನ ಮನೆಗೆ ಸೇರಿಸಲು. ಬೆಳಗಿನವರೆಗೆ ಕಾಯುವಂತಿರಲಿಲ್ಲ. ಕೇಳದಿದ್ದರೆ ಅತ್ತೆಯ ಮನೆಯ ಹೆಪ್ಪು ನನ್ನ ಕೈಯಲ್ಲಿ ಆರಿಹೋದಂತೆ. ಕೇಳಿದರೆ, ಆ ಹೆಂಗಸಿನ ಎದುರು ನನಗೆ ಉಳಿದಿದ್ದ ಒಂದೇ ಒಂದು ಮೇಲುಗೈ ಹೋದಂತೆ. ನಾಳೆ ಬೀದಿಗೆಲ್ಲ ತಿಳಿಯುತ್ತದೆ, ಮೊಸರಿನ ವಿಷಯದಲ್ಲೂ ಕಲಾವತಿ ಇವರ ಮುಂದೆ ಕೈಯೊಡ್ಡಿದಳು ಎಂದು. ಬೆಂಕಿ ಬರುತ್ತಿದೆಯೆಂದು ಜನ ದಾಖಲೆಪತ್ರ ಒಡವೆ ಹುಡುಕುವ ಹೊತ್ತಿನಲ್ಲಿ ನಾನು ಖಾಲಿ ಬಟ್ಟಲು ಹಿಡಿದು ರಸ್ತೆ ದಾಟಿದೆ, ಗಾಳಿಗೆ ಎಲ್ಲರಂತೆ ಮುಂದಕ್ಕೆ ಬಾಗಿಕೊಂಡೇ.

ಅವರ ನಡುಮನೆಯಲ್ಲಿ ನೆರೆಯ ರಚನಾ ಮತ್ತು ಅವಳ ಮನೆಯವರು ಟಾರ್ಚಿನ ಬೆಳಕಲ್ಲಿ ಚಹಾ ಕುಡಿಯುತ್ತ, ಹೋಗುವುದೋ ಇರುವುದೋ ಎಂದು ಚರ್ಚಿಸುತ್ತಿದ್ದರು. ಅಖ್ತರಿ ಬೇಗಮ್ ನನ್ನ ಕೈಯ ಬಟ್ಟಲನ್ನೊಮ್ಮೆ ನೋಡಿ, ಏನೂ ಕೇಳದೆ ಅಡುಗೆಮನೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದರು. ಒಲೆಯ ಪಕ್ಕ ಒಂದು ಮೇಣದಬತ್ತಿ ಉರಿಯುತ್ತಿತ್ತು. ಮೂಲೆಯಲ್ಲಿ ಕೋಟು ಸುತ್ತಿಕೊಂಡ ಪಾತ್ರೆ. ಮಗ ಹೊರಡು ಹೊರಡು ಎನ್ನುತ್ತಿದ್ದಾಗಲೂ ಇವರು ಹೆಪ್ಪು ಹಾಕಿಟ್ಟಿದ್ದರು. ಎಂಥ ಧೈರ್ಯ ಎಂದು ಆಗಲೂ ಒಳಗೆ ಚುಳ್ಳೆಂದಿತು.

"ಹರಿಣಿ ಎಲ್ಲ ಚೆಲ್ಲಿಬಿಟ್ಟಿದಾಳೆ" ಎಂದೆ. ಮೇಣದಬತ್ತಿ ಕಣ್ಣಿಗೆ ಬಿದ್ದದ್ದೇ ಮುಂದೆ ಕೇಳದಿರಲು ಒಂದು ನೆಪ ಸಿಕ್ಕಿತು. "ಆದ್ರೆ ದೀಪ ಹಚ್ಚಾಗಿದೆ ಅಲ್ವಾ. ಬಿಡಿ, ನಮ್ಮತ್ತೆಗೆ ಸರಿಬರ್ತಿರ್ಲಿಲ್ಲ."

ಅವರು ಬಾಗಿ, ಉಫ್ ಎಂದು ಮೇಣದಬತ್ತಿಯನ್ನು ಆರಿಸಿದರು. ಕತ್ತಲಲ್ಲಿ ಕೋಟು ಬಿಚ್ಚುವ ಸದ್ದು, ಚಮಚ ಪಾತ್ರೆಗೆ ತಾಗುವ ಸದ್ದು ಕೇಳಿಸಿತು. ನನ್ನ ಬಟ್ಟಲು ತುಸು ಭಾರವಾಯಿತು.

"ಈಗ ಎಲ್ಲಿದೆ ದೀಪ? ತಗೊಳ್ಳಿ" ಎಂದರು ಮೆಲ್ಲಗೆ. "ನಿಮ್ಮದೇ ಅಲ್ವಾ."

ನಡುಮನೆಯಿಂದ ರಚನಾ, "ಏನಾಯ್ತು ಆಂಟಿ, ಕತ್ಲೆ ಮಾಡ್ಕೊಂಡ್ರಲ್ಲ?" ಎಂದು ಕೂಗಿದಳು.

"ಏನಿಲ್ಲಮ್ಮ, ಗಾಳಿಗೆ ಆರೋಯ್ತು" ಎಂದರು ಅಖ್ತರಿ ಬೇಗಮ್. ಅಡುಗೆಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು.

ಬೆಂಕಿ ನಮ್ಮ ಗುಡ್ಡಕ್ಕೆ ಬರಲಿಲ್ಲ. ಗಾಳಿ ಇಳಿಯಿತು, ಕರೆಂಟು ಬಂತು, ಕಡಲ ಕಡೆಗೆ ಹೋದವರು ಹಿಂದಿರುಗಿದರು. ಮುಂದಿನ ಭಾನುವಾರ ಬೀದಿಯವರೆಲ್ಲ ಸೇರಿ ಊಟ ಮಾಡಿದಾಗ ರಚನಾ ಎದುರುಮನೆಯ ಮೊಸರನ್ನವನ್ನು ಬಾಯಿ ತುಂಬ ಹೊಗಳಿದಳು. ಈಗ ಬರುತ್ತದೆ ಮಾತು ಎಂದುಕೊಂಡೆ. ಅಖ್ತರಿ ಬೇಗಮ್ ಬಾಯಲ್ಲಿದ್ದ ತುತ್ತು ನುಂಗಿ, ಯಾವತ್ತಿನ ಧಾಟಿಯಲ್ಲೇ, "ಕಲಾವತಿಯವ್ರ ಮನೆ ಹೆಪ್ಪು. ನಾನು ಈಸ್ಕೊಂಡಿದ್ದು" ಎಂದರು. ನನ್ನ ಕಡೆ ಓರೆಗಣ್ಣಿನಿಂದಲೂ ನೋಡಲಿಲ್ಲ. ನೋಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹೆಪ್ಪು ಈಗ ನನ್ನ ಮನೆಯಲ್ಲಿದೆ, ಒಂದು ದಿನವೂ ತಪ್ಪಿಸಿಲ್ಲ. ಕುಕ್ಕರನ್ನು ಮೇಲಿನ ಕಪಾಟಿಗೆ ಸೇರಿಸಿ, ಪಾತ್ರೆಗೆ ಗಿರಿಧರನ ಕೋಟನ್ನು ಸುತ್ತಿಡುತ್ತಿದ್ದೇನೆ. ಎದುರುಮನೆಗೆ ಇದು ತಿಳಿಯದಂತೆ ಅಡುಗೆಮನೆಯ ಪರದೆ ಎಳೆದುಕೊಳ್ಳುತ್ತೇನೆ. ಆದರೂ ನನ್ನ ಮೊಸರು ಅವರದರಷ್ಟು ಗಟ್ಟಿಯಾಗುವುದಿಲ್ಲ. ಅತ್ತೆ ಇದ್ದಿದ್ದರೆ 'ಪರವಾಗಿಲ್ಲ' ಎನ್ನುತ್ತಿದ್ದರು.

ಪ್ರತಿಯೊಂದು ಬೀದಿಗೂ ಇಂಥವರೊಬ್ಬರು ಇರುತ್ತಾರೆಂದು ಕಾಣುತ್ತದೆ: ಪಡೆದದ್ದನ್ನು ಊರಿಗೆಲ್ಲ ಹೇಳಿ, ಕೊಟ್ಟದ್ದನ್ನು ಕತ್ತಲಲ್ಲಿ ಕೊಟ್ಟು, ಕೇಳಿದವರ ಮಾನ ಉಳಿಸಲು ಗಾಳಿಯ ಮೇಲೆ ಸುಳ್ಳು ಹೇಳುವವರು. ಅವರನ್ನು ಹೊಗಳುವವರು ಬಹಳ ಮಂದಿ. ಆ ಹೊಗಳುವವರಲ್ಲಿ ಯಾರ ಮನೆಯೂ ಇಂಥವರ ಮನೆಯ ಎದುರಿಗಿರುವುದಿಲ್ಲ. ಕೆಟ್ಟವರ ಎದುರುಮನೆಯಲ್ಲಿ ಬದುಕುವುದು ಸುಲಭ, ಬಾಗಿಲು ಹಾಕಿಕೊಂಡರೆ ಮುಗಿಯಿತು. ಇವರ ಎದುರು ಬಾಗಿಲು ಹಾಕಿಕೊಳ್ಳಲು ಮನುಷ್ಯರಿಗೆ ಒಂದು ನೆಪವೂ ಸಿಗುವುದಿಲ್ಲ.