ಹುಳದ ಡಬ್ಬಿ

"ಅವಳ ತೋಟದ ಹುಳ ಹಿಡಿಯೋಕೆ ನಿನ್ನ ಕೈಯೇ ಆಗ್ಬೇಕಾ?"

ಮೀರ್ತಾ ಕೇಳಿ ಮುಗಿಸುವಷ್ಟರಲ್ಲಿ ಗಂಡ ಎಲಾದಿಯೊ ಬೇಲಿ ದಾಟಿಯಾಗಿತ್ತು. ಆಚೆಗಿನ ಬಾಳೆತೋಟ ವಿಧವೆ ಸೋಬೆದಾಳದು. ಈಚೀಚೆಗೆ ಬೆಳಗಿನ ಕಾಫಿಯೂ ಅವನಿಗೆ ಅಲ್ಲೇ. ಮನೆಯಲ್ಲಿ ಬಾಯಿಗೆ ಬೀಗ, ಅಲ್ಲಿಂದ ಅವನ ನಗು ಬೇಲಿ ಹಾರಿ ಬರುತ್ತಿತ್ತು.

ಅವರಿದ್ದ ಆಸುವಾ ಬಯಲಿನಲ್ಲಿ ಬಾಳೆಗೆ ವಿಷ ಹೊಡೆಯುವುದಿಲ್ಲ. ಗೊನೆ ಕಡಿದ ಗಿಡದ ದಿಂಡನ್ನು ಸೀಳಿ, ಉಳಿದ ಗಿಡಗಳ ಬುಡದಲ್ಲಿ ಮಗುಚಿಡುತ್ತಾರೆ. ವಾಸನೆಗೆ, ಗಿಡದ ಬುಡ ಕೊರೆಯುವ ಕರಿ ಮೂತಿಹುಳುಗಳು ಅಡಿಗೆ ಬಂದು ಸೇರುತ್ತವೆ. ದಿನಾ ಎತ್ತಿ ಆರಿಸಬೇಕು, ಬಿಟ್ಟರೆ ಅಲ್ಲೇ ಮೊಟ್ಟೆಯಿಟ್ಟು ಸಂಸಾರ ಹೂಡುತ್ತವೆ. ಎಲಾದಿಯೊ ತನ್ನ ತೋಟದಲ್ಲೂ ದಿಂಡು ಇಟ್ಟಿದ್ದ. ಇಟ್ಟವನು ಆ ಕಡೆ ತಿರುಗಿಯೂ ನೋಡಿರಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ.

ಮೀರ್ತಾ ತಾನೇ ಹೋಗಿ ಒಂದೊಂದೇ ದಿಂಡು ಮಗುಚಿದಳು. ಹುಳು ಗಿಜಿಗುಡುತ್ತಿದ್ದವು. ಬುಡ ಟೊಳ್ಳಾದ ಗಿಡವೊಂದು ಎಳೆಗೊನೆ ಸಮೇತ ಮಲಗಿತ್ತು. ಹುಳುಗಳನ್ನೆಲ್ಲ ಬಳಿದು ಕಾಫಿ ಡಬ್ಬಿಗೆ ತುಂಬಿದಳು. ಸಾಯಿಸಲು ಮನಸ್ಸು ಬರಲಿಲ್ಲ. ಆ ಸೋಬೆದಾಳ ತೋಟಕ್ಕೇ ಸುರಿಯುತ್ತೇನೆ, ಅವಳ ಬಾಳೆಯೂ ಮಲಗಲಿ, ಎಂದುಕೊಂಡು ಬೇಲಿ ದಾಟಿದಳು.

ಅವರಿಬ್ಬರೂ ಒಂದೇ ದಿಂಡಿನ ಮುಂದೆ ತಲೆಗೆ ತಲೆ ತಾಗುವಂತೆ ಕುಳಿತಿದ್ದರು. ಮೀರ್ತಾ ಮುಚ್ಚಳ ತೆಗೆದಳು. ಅಷ್ಟರಲ್ಲಿ ಸೋಬೆದಾ ತಲೆಯೆತ್ತಿದಳು.

"ಅಯ್ಯೋ ಅಕ್ಕಾ, ನನ್ನ ಕೋಳಿಗೆ ಅಂತ ತಂದ್ಯಾ!" ಎಂದು ಡಬ್ಬಿ ಕಸಿದುಕೊಂಡು ಪಕ್ಕದ ಅಂಗಳಕ್ಕೆ ಸುರಿದೇಬಿಟ್ಟಳು. ಕೋಳಿಗಳು ಮುಗಿಬಿದ್ದವು. "ನೋಡಯ್ಯಾ ನಿನ್ನ ಹೆಂಡ್ತಿ ಮನಸ್ಸು! ನೀನು ತರೋದು ಬರೀ ಹರಟೆ."

ಎಲಾದಿಯೊ ಖಾಲಿ ಡಬ್ಬಿ ನೋಡಿದ. "ನಮ್ಮ ತೋಟದ್ದಾ ಇಷ್ಟೂ?"

"ಇನ್ನೇನು, ನಿಮ್ಮಪ್ಪನ ತೋಟದ್ದಾ? ಗಿಡ ಒಂದು ಗೊನೆ ಸಮೇತ ಬಿದ್ದಿದೆ. ನಡಿ ಮನೆಗೆ."

"ಹೋಗಪ್ಪಾ, ನಂಗೀಗ ಹುಳ ಹಿಡಿಯೋಕೆ ಬರುತ್ತೆ," ಎಂದಳು ಸೋಬೆದಾ.

ಅವನು ಏಳಲಿಲ್ಲ. ನೆಲ ನೋಡುತ್ತ, "ಇದೊಂದು ಸಾಲು ಮುಗಿಸಿ ಬರ್ತೀನಿ," ಎಂದ.

ಮೀರ್ತಾಳಿಗೆ ಅಳು ಬಂತು. ಅವರ ಮುಂದೆ ಅಳುವವಳಲ್ಲ ಅವಳು. ಲಂಗ ಎತ್ತಿ ಸಿಕ್ಕಿಸಿಕೊಂಡಳು.

"ಸರ್ಕೊಳ್ಳಿ," ಎಂದು ಇಬ್ಬರ ನಡುವೆಯೇ ಕುಕ್ಕರಿಸಿ ದಿಂಡು ಎತ್ತಿದಳು. ಜಾಗ ಸಾಲದೆ ಸೋಬೆದಾ ಮುಂದಿನ ಬುಡಕ್ಕೆ ಸರಿದು ಕೂತಳು.