ಜೇಬಿನೊಳಗಿನ ರೋಟರ್

ಶಾಲೆಯ ಡ್ರೈವರ್ ಮುನಿರಾಜು ಮೂರನೇ ಸಲ ಕಾರಿನ ಕೀಲಿ ತಿರುಗಿಸಿದ. ಇಂಜಿನ್ನು ಕಿರ್ರ್ ಕಿರ್ರ್ ಎಂದು ಸುತ್ತಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ಶೆಡ್ಡಿನ ಕಂಬಕ್ಕೆ ಒರಗಿ ನಿಂತಿದ್ದ ಈಶಪ್ಪನ ಕೈ ತಾನಾಗಿಯೇ ಅಂಗಿಯ ಜೇಬಿನ ಮೇಲೆ ಹೋಯಿತು. ಕರವಸ್ತ್ರದಲ್ಲಿ ಸುತ್ತಿದ ರೋಟರ್ ಅಲ್ಲೇ ಇತ್ತು. ಹೆಬ್ಬೆರಳಿನಷ್ಟು ದಪ್ಪದ ಆ ಚೂರು ತನ್ನ ಜಾಗದಲ್ಲಿಲ್ಲದಿದ್ದರೆ ಇಂಜಿನ್ನಿಗೆ ಕಿಡಿ ಹೋಗುವುದಿಲ್ಲ. ಬ್ರಹ್ಮನೇ ಬಂದು ಕೀಲಿ ತಿರುಗಿಸಿದರೂ ಅಷ್ಟೇ.

"ನಿನ್ನೆ ಚೆನ್ನಾಗೇ ಓಡ್ತಲ್ಲೋ ಈಶಪ್ಪ?" ಎಂದರು ಶ್ಯಾಮಣ್ಣ. ಪೀಣ್ಯದ ಈ ಲೇತ್ ವರ್ಕ್‌ಶಾಪಿನ ಯಜಮಾನರು ಅವರು. ಕಾರು ದಾನ ಕೊಡುತ್ತೇನೆಂದು ಕಿವುಡು ಮಕ್ಕಳ ಶಾಲೆಯವರನ್ನು ಕರೆಸಿ, ಚಕ್ರದಡಿ ನಿಂಬೆಹಣ್ಣಿಟ್ಟು, ಈಗ ಹೀಗೆ ಪೇಚಿಗೆ ಸಿಕ್ಕಿದ್ದರಿಂದ ಅವರ ಮುಖ ಕೆಂಪಾಗಿತ್ತು.

"ಓಡಿತ್ರಿ ಸಾಹೇಬ್ರ. ಈಗ ಏನಾಗೇತೋ ಗೊತ್ತಿಲ್ರಿ."

ಹದಿನಾಲ್ಕು ವರ್ಷದಲ್ಲಿ ಅವರಿಗೆ ಹೇಳಿದ ಮೊದಲ ಸುಳ್ಳು ಅದು. ಇಡೀ ವರ್ಕ್‌ಶಾಪಿನ ಕೀಲಿಗೊಂಚಲು ರಾತ್ರಿ ಇರುತ್ತಿದ್ದುದು ಅವನ ಬಾಡಿಗೆ ಕೋಣೆಯಲ್ಲಿ. ಹಗಲು ಆಫೀಸಿನ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದ ಆ ಗೊಂಚಲಿನ ಕಡೆ ನೋಡಲು ಇವತ್ತು ಅವನಿಗೆ ಧೈರ್ಯವಾಗಲಿಲ್ಲ.

ಎಲ್ಲ ಶುರುವಾದದ್ದು ಮೊನ್ನೆ. "ಹೊಸ ಕಾರು ಬುಕ್ ಮಾಡಿದೀನಿ ಕಣೋ. ಅದನ್ನ ನಾನೇ ಓಡಿಸ್ತೀನಿ. ನೀನು ಗೇಟಲ್ಲಿ ಆರಾಮಾಗಿ ಕೂತ್ಕೊ, ಸಂಬಳ ಅದೇ" ಎಂದಿದ್ದರು ಶ್ಯಾಮಣ್ಣ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಮುಧೋಳದ ಕಡೆಯ ಅವನ ಊರಿನಲ್ಲಿ ನಾಲ್ಕು ಮಂದಿ ಈಶಪ್ಪಂದಿರಿದ್ದರು. ಇವನು ಡ್ರೈವರ್ ಈಶಪ್ಪ. ಗೇಟಿನ ಸ್ಟೂಲಿನ ಮೇಲೆ ಕೂತವನನ್ನು ಊರವರು ಏನೆಂದು ಕರೆಯಬೇಕು? ಇವತ್ತು ಬೆಳಿಗ್ಗೆ ಕಾರು ಒರೆಸುವಾಗ ಉಪಾಯ ಹೊಳೆದು ರೋಟರ್ ಕಿತ್ತು ಜೇಬಿಗೆ ಹಾಕಿಕೊಂಡಿದ್ದ. ಕೆಟ್ಟ ಕಾರನ್ನು ಶಾಲೆಯವರು ಬೇಡವೆಂದು ಬಿಟ್ಟುಹೋಗುತ್ತಾರೆ. ಎರಡು ದಿನ ಬಿಟ್ಟು ತಾನು ರಿಪೇರಿ ಮಾಡಿದಂತೆ ಮಾಡಿದರಾಯಿತು. ಓಡುವ ಕಾರಿದ್ದ ಮೇಲೆ ಡ್ರೈವರೂ ಇರಲೇಬೇಕಲ್ಲ.

ಅಸಲಿಗೆ ರೋಟರ್ ತೆಗೆಯುವುದನ್ನು ಕಲಿಸಿದವರೇ ಶ್ಯಾಮಣ್ಣ. ಪೀಣ್ಯದಲ್ಲಿ ಕಾರುಗಳು ಕಳುವಾಗುತ್ತಿದ್ದ ಕಾಲದಲ್ಲಿ, ಎಲ್ಲಿ ನಿಲ್ಲಿಸಿದರೂ ಅದನ್ನು ಕಿತ್ತು ಜೇಬಿಗೆ ಹಾಕಿಕೋ ಎಂದಿದ್ದರು. ಹತ್ತು ವರ್ಷದ ಹಿಂದಿನ ಮಾತು. ಅವರಿಗೆ ಮರೆತುಹೋದಂತಿತ್ತು.

ಶಾಲೆಯ ಮುಖ್ಯೋಪಾಧ್ಯಾಯಿನಿ ಮಂಜುಶ್ರೀ ಮೆಲ್ಲಗೆ ಹೇಳಿದರು, "ನಮ್ಮತ್ರ ಇರೋದು ಒಂದೇ ವ್ಯಾನು ಸಾರ್. ಮುನಿರಾಜು ಮಾದನಾಯಕನಹಳ್ಳಿಯಿಂದ ಎರಡನೇ ಟ್ರಿಪ್ ಮುಗಿಸೋಷ್ಟರಲ್ಲಿ ಹನ್ನೊಂದಾಗುತ್ತೆ. ನಾಲ್ಕು ಮಕ್ಕಳು ಬರೋದೇ ಬಿಟ್ಟಿದಾರೆ. ಸೋಮವಾರದಿಂದ ಕಾರ್ ಬರುತ್ತೆ ಅಂತ ಅವರ ಮನೆಗಳಿಗೆ ಹೇಳ್ಬಿಟ್ಟಿದೀನಿ. ನಾವೇ ರಿಪೇರಿ ಮಾಡಿಸ್ಕೊಳ್ತೀವಿ, ಬಿಡಿ."

"ಬೇಡ ಮೇಡಂ. ಕೆಟ್ಟ ಗಾಡಿ ನಿಮ್ಮ ತಲೆಗೆ ಕಟ್ಟಿ ದಾನ ಕೊಟ್ಟೆ ಅನ್ನಿಸ್ಕೊಳ್ಳೋನಲ್ಲ ನಾನು" ಎಂದವರೇ ಶ್ಯಾಮಣ್ಣ ಫೋನು ತೆಗೆದರು. "ಹನುಮಯ್ಯ, ಲಾರಿ ಕಳ್ಸು. ಹಳೇ ಮಾರುತಿ ಇದೆ, ಗುಜರಿಗೆ. ಈಗ್ಲೇ. ನಾಳೆ ಹೊಸ ಕಾರು ನಿಲ್ಸೋಕೆ ಜಾಗ ಬೇಕು."

ಇದನ್ನು ಈಶಪ್ಪ ಎಣಿಸಿರಲಿಲ್ಲ. ಹನುಮಯ್ಯನ ಗುಜರಿ ಅಂಗಡಿ ಹಿಂದಿನ ರಸ್ತೆಯಲ್ಲೇ ಇತ್ತು. ಲಾರಿಗೆ ಹತ್ತು ನಿಮಿಷ ಸಾಕು. ಅಲ್ಲಿ ಮೊದಲು ಕಾರಿನ ತಲೆಯನ್ನೇ ಕೊಯ್ಯುತ್ತಾರೆಂದು ಅವನು ಕಣ್ಣಾರೆ ಕಂಡಿದ್ದ.

"ತಡೀರಿ ಸಾಹೇಬ್ರ, ನಾ ಒಮ್ಮೆ ನೋಡ್ತೀನ್ರಿ" ಎಂದು ಓಡಿಹೋಗಿ ಬಾನೆಟ್ ಎತ್ತಿದ. ಯಾರೂ ನೋಡದಂತೆ ಸಿಕ್ಕಿಸಿಬಿಟ್ಟರೆ ಮರ್ಯಾದೆಯೂ ಉಳಿಯುತ್ತದೆ, ಕಾರೂ ಉಳಿಯುತ್ತದೆ. ಬಗ್ಗಿದ. ಆದರೆ ಎಡಕ್ಕೆ ಶ್ಯಾಮಣ್ಣ ಬಂದು ನಿಂತರು, ಬಲಕ್ಕೆ ಮುನಿರಾಜು.

"ಒಂಚೂರು ಗಾಳಿ ಬಿಡ್ರಿ..."

"ನಾನೂ ನೋಡ್ತೀನಿ, ನೀನು ಮಾಡು" ಎಂದರು ಶ್ಯಾಮಣ್ಣ. ಒಂದು ಹೆಜ್ಜೆಯೂ ಸರಿಯಲಿಲ್ಲ.

ಈಶಪ್ಪ ಆ ವೈರು ಮುಟ್ಟಿದ, ಈ ವೈರು ಮುಟ್ಟಿದ. ಹಣೆಯ ಬೆವರು ಇಂಜಿನ್ನಿನ ಮೇಲೆ ತೊಟ್ಟಿಕ್ಕಿತು. ತಿರುವಿನಲ್ಲಿ ಲಾರಿಯ ಹಾರ್ನ್ ಕೇಳಿಸಿತು. ಇನ್ನು ತಡೆಯಲಾಗಲಿಲ್ಲ. ಜೇಬಿಗೆ ಕೈ ಹಾಕಿ, ಕರವಸ್ತ್ರ ಬಿಚ್ಚಿ, ಎಲ್ಲರೆದುರೇ ಅಂಗೈ ಚಾಚಿದ.

"ಇಲ್ಲಿ ಐತ್ರಿ."

ಶ್ಯಾಮಣ್ಣ ರೋಟರನ್ನು ನೋಡಿದರು, ಆಮೇಲೆ ಅವನ ಮುಖವನ್ನು. ತಾವೇ ಕಲಿಸಿದ್ದು ಅವರಿಗೆ ಈಗ ನೆನಪಾದಂತಿತ್ತು. ಬೈದಿದ್ದರೆ ಚೆನ್ನಾಗಿತ್ತು. ಮಂಜುಶ್ರೀ ಗೇಟಿನ ಕಡೆ ಮುಖ ತಿರುಗಿಸಿದರು. ಈಶಪ್ಪನಿಗೆ ನಾಚಿಕೆಯಿಂದ ನೆಲಕ್ಕಿಳಿದುಹೋದಂತಾಯಿತು. ರೋಟರ್ ಸಿಕ್ಕಿಸಿ, ಮುಚ್ಚಳ ಹಾಕಿ, ಬಾನೆಟ್ ಇಳಿಸಿದ. ಮುನಿರಾಜು ಕೀಲಿ ಮುಟ್ಟಿದ್ದೇ ತಡ, ಕಾರು ಸ್ಟಾರ್ಟ್ ಆಯಿತು. ಶ್ಯಾಮಣ್ಣ ಗೇಟಿಗೆ ಹೋಗಿ ಲಾರಿಯನ್ನು ವಾಪಸು ಕಳಿಸಿದರು.

ಈಶಪ್ಪ ಕಾರಿನ ಕಿಟಕಿಯ ಬಳಿ ಬಗ್ಗಿದ. "ಇಂಜಿನ್ನು ತಣ್ಣಗಿದ್ದಾಗ ಚೋಕ್ ಅರ್ಧಾನೇ ಎಳೀರಿ, ಪೂರ್ತಿ ಬ್ಯಾಡ. ಎರಡನೇ ಗೇರು ಸ್ವಲ್ಪ ಬಿಗಿ ಐತಿ. ಜಬರ್ದಸ್ತಿ ಮಾಡಬ್ಯಾಡ್ರಿ, ತಾನ ಬೀಳತೈತಿ."

"ಆಯ್ತಣ್ಣ" ಎಂದ ಮುನಿರಾಜು. ನಿಂಬೆಹಣ್ಣು ಚಪ್ಪಟೆಯಾಯಿತು. ಕಾರು ಗೇಟು ದಾಟಿ ಹೋಯಿತು.

ದಿನವಿಡೀ ಶ್ಯಾಮಣ್ಣ ಅವನನ್ನು ಕರೆಯಲಿಲ್ಲ. ಆರು ಗಂಟೆಗೆ ಆಫೀಸಿನಿಂದ ಹೊರಬಂದವರು ಮೊಳೆಯಿಂದ ಕೀಲಿಗೊಂಚಲು ತೆಗೆದರು. ಅದನ್ನು ಕೈಯಲ್ಲಿ ಹಿಡಿದು ಒಂದಷ್ಟು ಹೊತ್ತು ಹಾಗೇ ನಿಂತರು. ಈಶಪ್ಪ ನೋಡುತ್ತಿದ್ದ. ಆಮೇಲೆ ಅದನ್ನು ಮತ್ತೆ ಮೊಳೆಗೆ ಹಾಕಿ, ಅವನ ಕಡೆ ನೋಡದೆಯೇ, ಆಟೋ ಹಿಡಿಯಲು ಮುಖ್ಯರಸ್ತೆಯತ್ತ ನಡೆದು ಹೋದರು.

ಈಶಪ್ಪ ಶಟರ್ ಎಳೆದ. ನಲ್ಲಿಯ ಬಳಿ ಮರದ ಹೊಟ್ಟು ಹಾಕಿ ಕೈ ಉಜ್ಜಿದ. ಬೆರಳ ಸಂದಿಯ ಕಪ್ಪು ಹೋಗಲಿಲ್ಲ. ಅಂಗಿಯ ಜೇಬಿಗೂ ಅದೇ ಕಪ್ಪು ಹತ್ತಿತ್ತು. ಮೊಳೆಯ ಹತ್ತಿರ ಹೋಗಿ ಕೀಲಿಗೊಂಚಲಿಗೆ ಕೈ ಚಾಚಿದವನು ಹಿಂದಕ್ಕೆಳೆದುಕೊಂಡ. ಮತ್ತೆ ನಲ್ಲಿಯ ಬಳಿ ಬಂದು, ಇನ್ನೊಂದು ಹಿಡಿ ಹೊಟ್ಟು ತೆಗೆದುಕೊಂಡು ಉಜ್ಜತೊಡಗಿದ.